ಕಟ್ಟು ಹಾಕಿಸುವ ಮುಂಚೆ ಚಿತ್ರದ ಬೆನ್ನು ನೋಡಿ

ಚಿಕ್ಕಮಗಳೂರು ಪೇಟೆಯ ಫ್ರೇಮ್ ಅಂಗಡಿಗೆ ಒಂದು ಚಿತ್ರ ತೆಗೆದುಕೊಂಡು ಹೋದರೆ ಮೊದಲ ಪ್ರಶ್ನೆ ಇದು: "ದೇವರ ಫೋಟೋನಾ, ಸೀನರಿನಾ?" ಎರಡೂ ಅಲ್ಲ ಅಂದರೆ ಅಂಗಡಿಯವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಗೋಡೆಯ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಮೂಲೆ ತುಂಡುಗಳು ಸಾಲಾಗಿ ನೇತಾಡುತ್ತಿರುತ್ತವೆ. ಚಿನ್ನದ ಬಣ್ಣದ್ದು, ಬಳ್ಳಿ ಕೊರೆದದ್ದು, ಕರಿ, ಕಂದು, ಬಿಳಿ. ನಾವು ಒಂದೊಂದನ್ನೇ ಚಿತ್ರದ ಮೂಲೆಗೆ ಇಟ್ಟು, ತಲೆ ಓರೆ ಮಾಡಿ ನೋಡಿ, ಯಾವುದೋ ಒಂದನ್ನು ಒಪ್ಪಿ, ಅಡ್ವಾನ್ಸ್ ಕೊಟ್ಟು ಬರುತ್ತೇವೆ. ಚಿತ್ರದ ಹಿಂದೆ ಏನು ಹಾಕ್ತೀರಿ ಅಂತ ಯಾರೂ ಕೇಳುವುದಿಲ್ಲ.

ನಾಲ್ಕು ವರ್ಷದ ಹಿಂದೆ ನಾನೂ ಕೇಳಲಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಒಂದು ಲಿನೋಕಟ್ ಪ್ರಿಂಟ್, ಅಂದರೆ ಲಿನೋಲಿಯಂ ಹಾಳೆ ಕೊರೆದು ಅದರಿಂದ ಒತ್ತಿ ತೆಗೆದ ಚಿತ್ರ, ಕೊಂಡಿದ್ದೆ. ಬೇಲೂರಿನ ದರ್ಪಣ ಸುಂದರಿ. ಬಿಳಿ ಕಾಗದ, ಬರೀ ಕರಿ ಶಾಯಿ. ಕೆಳಗೆ ಎಡಗಡೆ ಪೆನ್ಸಿಲ್ಲಿನಲ್ಲಿ 7/30 ಅಂತ ಬರೆದಿತ್ತು, ಬಲಗಡೆ ಕಲಾವಿದೆಯ ಸಹಿ. ಕೆಲವು ತಿಂಗಳು ಸುರುಳಿ ಸುತ್ತಿಯೇ ಇಟ್ಟಿದ್ದೆ. ಮೇ ಕೊನೆಗೆ ಒಂದು ಅಂಗಡಿಯಲ್ಲಿ ಎರಡೂವರೆ ಇಂಚು ಅಗಲದ ಚಿನ್ನದ ಬಣ್ಣದ ಕಟ್ಟು ಹಾಕಿಸಿ, ಆಲ್ದೂರು ಕಡೆಯ ನಮ್ಮ ಮನೆಗೆ ತಂದು ಜಗಲಿ ಗೋಡೆಗೆ ಏರಿಸಿದೆವು. ಆರಿದ್ರಾ ಮಳೆ ಹಿಡಿಯಿತು. ಪುನರ್ವಸು ಹೋಗಿ ಪುಷ್ಯ ಬಂತು. ಆಶ್ಲೇಷಾ ಮುಗಿಯುವ ಹೊತ್ತಿಗೆ ಸುಂದರಿಯ ಮೈಯೆಲ್ಲ ಅಲೆ ಅಲೆ ಎದ್ದಿತ್ತು. ಕಾಗದ ಉಬ್ಬಿ ಗಾಜಿಗೆ ಒತ್ತಿಕೊಂಡ ಕಡೆ ಒದ್ದೆ ಮಚ್ಚೆ. ಕೆಳಗಿನ ಅಂಚಿಗೆ ಬೂದು ಬಣ್ಣದ ಬೂಷ್ಟು. "ಇಷ್ಟು ದುಡ್ಡು ಕೊಟ್ಟು ಬೂಷ್ಟು ಸಾಕಿದ್ಯಾ?" ಅಂತ ಅತ್ತೆ ಕೇಳಿದರು.

ಬಿಚ್ಚಿ ನೋಡಿದೆ. ಹಿಂದೆ ಕಂದು ಹಾರ್ಡ್‌ಬೋರ್ಡ್, ಅದನ್ನು ಹಿಡಿದಿಡಲು ಸಣ್ಣ ಮೊಳೆ. ಹಾರ್ಡ್‌ಬೋರ್ಡ್ ಎತ್ತಿದರೆ ಚಿತ್ರದ ನಾಲ್ಕೂ ಅಂಚಿಗೆ ಉದ್ದಕ್ಕೂ ಸೆಲ್ಲೋ ಟೇಪ್. ಟೇಪಿನ ಅಂಟು ಆಗಲೇ ಮೆತ್ತಗಾಗಿ ಕಾಗದದೊಳಗೆ ಇಳಿಯಲು ಶುರುವಾಗಿತ್ತು. ಚಿತ್ರಕ್ಕೂ ಗಾಜಿಗೂ ನಡುವೆ ಏನೂ ಇರಲಿಲ್ಲ. ಇನ್ನೊಂದು ವಿಷಯ ಆಗ ಗೊತ್ತಾಯಿತು. ಕಟ್ಟಿನ ಅಳತೆಗೆ ಕೂರಲಿ ಅಂತ ಕಾಗದದ ಮೇಲಂಚನ್ನು ಅರ್ಧ ಇಂಚು ಕತ್ತರಿಸಿದ್ದರು. ಪುಣ್ಯಕ್ಕೆ ಕೆಳಗಡೆ ಕತ್ತರಿ ಹಾಕಿರಲಿಲ್ಲ, ಸಹಿ ಉಳಿಯಿತು. ಅಂಗಡಿಯವರನ್ನು ಬೈಯಲು ಮನಸ್ಸಾಗಲಿಲ್ಲ. ದೇವರ ಫೋಟೋಗೆ ಮಾಡುವ ಹಾಗೇ ಮಾಡಿದ್ದಾರೆ ಅಷ್ಟೆ. ಬೇರೆ ಥರ ಮಾಡಿ ಅಂತ ನಾನು ಹೇಳಿದ್ದರಲ್ವಾ?

ಹಾಗಾಗಿ ಈ ಲೇಖನದಲ್ಲಿ ಫ್ರೇಮನ್ನು ಹಿಂದಿನಿಂದ ಮುಂದಕ್ಕೆ ನೋಡೋಣ. ಮಲೆನಾಡಿನಲ್ಲಿ ಚಿತ್ರ ಉಳಿಯುವುದು ಬಿಡುವುದು ಬೆನ್ನಲ್ಲೇ ತೀರ್ಮಾನವಾಗುತ್ತದೆ. ಮುಂದೆ ಕಾಣುವ ಕಟ್ಟಿನ ಪಟ್ಟಿಯ ಬಣ್ಣ ಕೊನೆಗೆ ಬರುವ ಮಾತು.

ಕೈಯಲ್ಲಿರುವುದು ಎಂಥ ಪ್ರಿಂಟ್?

ಪ್ರಿಂಟ್ ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಮೊದಲನೆಯದು ಕಲಾವಿದರೇ ಅಚ್ಚು ಕೊರೆದು ಕೈಯಲ್ಲಿ ಒತ್ತಿ ತೆಗೆದದ್ದು. ಲಿನೋಕಟ್, ಮರದಚ್ಚು, ಎಚಿಂಗ್ (ತಗಡಿನ ಮೇಲೆ ಆಮ್ಲದಿಂದ ಕೊರೆದ ಅಚ್ಚು), ಕಲ್ಲಚ್ಚು ಎಲ್ಲ ಇದರಲ್ಲಿ ಬರುತ್ತವೆ. 7/30 ಅಂದರೆ ಒಟ್ಟು 30 ಪ್ರತಿ, ಅದರಲ್ಲಿ ಇದು ಏಳನೆಯದು. ಇಲ್ಲಿ ಪ್ರತಿಯೊಂದು ಹಾಳೆಯೂ ಮೂಲ ಕೃತಿಯೇ. ಎರಡನೆಯದು ಒಳ್ಳೆಯ ಕಾಗದದ ಮೇಲೆ ಇಂಕ್‌ಜೆಟ್ ಯಂತ್ರದಲ್ಲಿ ತೆಗೆದ ಪ್ರತಿ. 'ಜಿಕ್ಲೇ' ಅಂತ ಮಾರುತ್ತಾರಲ್ಲ, ಅದು. ಹೆಸರು ಫ್ರೆಂಚಿನಂತೆ ಕೇಳಿಸಿದರೂ ಅದನ್ನು 1991ರಲ್ಲಿ ಹುಟ್ಟಿಸಿದವರು ಅಮೆರಿಕದಲ್ಲಿ ಪ್ರಿಂಟ್ ತೆಗೆಯುತ್ತಿದ್ದ ಜ್ಯಾಕ್ ಡುಗಾನ್. ಮೂರನೆಯದು ಮಾಮೂಲಿ ಪೋಸ್ಟರ್.

ಪೋಸ್ಟರ್ ಹಾಳಾದರೆ ಇನ್ನೊಂದು ತರಬಹುದು. ಅದಕ್ಕೆ ಎಂ.ಡಿ.ಎಫ್. ಹಲಗೆಗೆ (ಮರದ ನಾರನ್ನು ಒತ್ತಿ ಮಾಡಿದ್ದು) ಅಂಟಿಸಿ ಲ್ಯಾಮಿನೇಷನ್ ಮಾಡಿಸಿದರೂ ನಡೆಯುತ್ತದೆ. ಕಡಿಮೆ ಖರ್ಚು, ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಮಕ್ಕಳ ಕೋಣೆಗೆ ಸರಿ. ಆದರೆ ಸಹಿ ಇರುವ ಪ್ರಿಂಟಿಗೆ ಲ್ಯಾಮಿನೇಷನ್ ಮಾಡಿಸಿದರೆ ಮುಗಿಯಿತು. ಅಂಟಿಸಿದ್ದನ್ನು ಮತ್ತೆ ಬಿಡಿಸಲಾಗುವುದಿಲ್ಲ, ಬೆಲೆಯೂ ಹೋಗುತ್ತದೆ. "ಲ್ಯಾಮಿನೇಷನ್ ಮಾಡಿದ್ರೆ ನೀರು ಬಿದ್ರೂ ಏನಾಗಲ್ಲ ಮೇಡಂ" ಅಂತ ಅಂಗಡಿಯಲ್ಲಿ ಹೇಳಿಯೇ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಪೋಸ್ಟರಿಗೆ ಹೇಳುವ ಮಾತು ಅದು, ಅಷ್ಟೆ.

ಪ್ರಿಂಟಿಗೆ ಕಟ್ಟು ಹಾಕಿಸುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದರು. ಅದು ಆಮೇಲೆ ಲೋಣಾವಳದ ಹತ್ತಿರದ ಮಳವಳಿಗೆ ಹೋಯಿತು. ಅಲ್ಲಿಂದ ಬಂದ ಲಕ್ಷ್ಮಿ, ಸರಸ್ವತಿಯರನ್ನು ತೇಗದ ಕಟ್ಟಿನಲ್ಲಿ ಕೂರಿಸಿ ಪೂಜೆ ಮಾಡಿದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅಂಥ ಹಳೆಯ ಕಟ್ಟು ಬಿಚ್ಚಿದವರಿಗೆ ಒಂದು ಗುರುತು ಗೊತ್ತಿರುತ್ತದೆ. ಆಗ ಬೆನ್ನಿಗೆ ತೆಳು ಹಲಗೆಗಳನ್ನು ಜೋಡಿಸುತ್ತಿದ್ದರು. ಎರಡು ಹಲಗೆಯ ಸಂದು ಎಲ್ಲಿತ್ತೋ ಅಲ್ಲೇ ಚಿತ್ರದ ಮೇಲೆ ಮೇಲಿಂದ ಕೆಳಗೆ ಒಂದು ಕಂದು ಗೆರೆ. ಮರದಲ್ಲಿ ಗಂಟಿದ್ದ ಜಾಗಕ್ಕೆ ದುಂಡನೆಯ ಕಲೆ. ಬೆನ್ನಿಗೆ ಹಾಕಿದ್ದು ಮುಖಕ್ಕೆ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕಾಗದಕ್ಕೆ ಮಳೆಗಾಲ ಅಂದರೆ

ಜುಲೈ ತಿಂಗಳಲ್ಲಿ ಡಬ್ಬಿ ಮುಚ್ಚಲು ಮರೆತರೆ ಹಪ್ಪಳ ಮೆತ್ತಗಾಗುತ್ತದೆ, ಕಡ್ಡಿ ಗೀರಿದರೆ ಹತ್ತುವುದಿಲ್ಲ, ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು. ಕಾಗದವೂ ಇದೇ ಜಾತಿ. ಗಾಳಿಯಲ್ಲಿರುವ ತೇವ ಹೀರಿಕೊಂಡು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದಕ್ಕೆ ಹಿಗ್ಗಲು ಜಾಗ ಬೇಕು. ನಾಲ್ಕೂ ಕಡೆ ಟೇಪ್ ಹಾಕಿ ಬಿಗಿದರೆ ಪಕ್ಕಕ್ಕೆ ಹೋಗಲಾರದೆ ಮುಂದಕ್ಕೆ ಉಬ್ಬುತ್ತದೆ. ನಮ್ಮ ಸುಂದರಿಯ ಮೈ ಅಲೆಯಾದದ್ದು ಹೀಗೆ.

ಉಬ್ಬಿದ ಕಾಗದ ಗಾಜಿಗೆ ತಾಗಿದರೆ ಇನ್ನೊಂದು ತೊಂದರೆ. ರಾತ್ರಿ ತಣ್ಣಗಾದ ಗಾಜಿನ ಒಳಮೈಯಲ್ಲಿ ತೇವ ಕೂರುತ್ತದೆ. ಅದು ನೇರ ಕಾಗದಕ್ಕೆ ಹೋಗುತ್ತದೆ. ಗಾಳಿಯ ತೇವ ಶೇಕಡಾ 65-70 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ.

ಹಳೆಯ ಮದುವೆ ಫೋಟೋ ಗಾಜಿಗೆ ಅಂಟಿಕೊಂಡದ್ದು ನೋಡಿದ್ದೀರಾ? ನಮ್ಮ ಮಾವನವರದ್ದು ಹಾಗೇ ಆಗಿದೆ. ಮದುವೆ ಗಂಡಿನ ಪೇಟ ಪೂರ್ತಿ ಗಾಜಿನಲ್ಲೇ ಇದೆ. ಹಳೆಯ ಫೋಟೋ ಕಾಗದದ ಮೇಲ್ಮೈಯಲ್ಲಿ ಜೆಲಾಟಿನ್ ಇರುತ್ತದೆ. ತೇವಕ್ಕೆ ಅದು ಗೋಂದಿನಂತಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿದ್ದರೆ ಎಳೆಯಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳುವುದು ಜಾಣತನ.

ಗಾಜಿಗೂ ಚಿತ್ರಕ್ಕೂ ನಡುವೆ ಅಂತರ ಬೇಕು ಅನ್ನುವುದು ಇದಕ್ಕೇ. ಆ ಅಂತರ ಕೊಡುವ ರಟ್ಟೇ ಮೌಂಟ್. ಚಿತ್ರದ ಸುತ್ತ ಕಿಟಕಿಯಂತೆ ಕತ್ತರಿಸಿದ ದಪ್ಪ ಬಿಳಿ ರಟ್ಟು. ಬಹಳ ಜನ ಅದನ್ನು ಅಲಂಕಾರ ಅಂದುಕೊಂಡಿದ್ದಾರೆ. ಖರ್ಚು ಉಳಿಸಬೇಕಾದಾಗ ಮೊದಲು ಕೈಬಿಡುವುದೂ ಅದನ್ನೇ. ನನ್ನ ಕೇಳಿದರೆ ಕಟ್ಟಿನ ಪಟ್ಟಿ ಅಗ್ಗದ್ದು ಹಾಕಿಸಿ, ಮೌಂಟ್ ಮಾತ್ರ ಬಿಡಬೇಡಿ.

ರಟ್ಟಿನ ಹುಳಿ

ಎಲ್ಲ ರಟ್ಟೂ ಒಂದೇ ಅಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ರಟ್ಟಿನಲ್ಲಿ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ಹಳೆಯ ದಿನಪತ್ರಿಕೆ ಹಳದಿಯಾಗುವುದು ಇದರಿಂದಲೇ. ವರ್ಷ ಕಳೆದಂತೆ ರಟ್ಟು ಹುಳಿಯಾಗುತ್ತದೆ, ಅಂದರೆ ಆಮ್ಲೀಯವಾಗುತ್ತದೆ. ತನಗೆ ತಾಗಿದ ಕಾಗದವನ್ನೂ ಸುಡುತ್ತದೆ. ಹಳೆಯ ಫ್ರೇಮುಗಳಲ್ಲಿ ಮೌಂಟಿನ ಕಿಟಕಿಯ ಅಂಚಿಗೆ ಸರಿಯಾಗಿ ಚಿತ್ರದ ಮೇಲೆ ಕಂದು ಪಟ್ಟಿ ಕಾಣುತ್ತದಲ್ಲ, ಅದು ಈ ಸುಟ್ಟ ಗಾಯ. ಹಾರ್ಡ್‌ಬೋರ್ಡ್, ಎಂ.ಡಿ.ಎಫ್. ಎರಡೂ ಇದೇ ಕುಲ.

ತೋಟ ಇರುವವರಿಗೆ ಇದರ ಪರಿಹಾರ ಹೇಳಿಕೊಡುವುದೇ ಬೇಡ. ಮಣ್ಣು ಹುಳಿಯಾದರೆ ಏನು ಹಾಕುತ್ತೀರಿ? ಸುಣ್ಣ. ಆಮ್ಲರಹಿತ ಅಂತ ಮಾರುವ ಮೌಂಟ್ ರಟ್ಟಿಗೂ ಅದನ್ನೇ ಮಾಡಿರುತ್ತಾರೆ. ತಯಾರಿಸುವಾಗಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ಮುಂದೆ ಹುಟ್ಟುವ ಹುಳಿಯನ್ನು ಅದು ತಿಂದುಹಾಕುತ್ತದೆ. ಇದಕ್ಕಿಂತ ಮೇಲಿನದು ಪೂರ್ತಿ ಹತ್ತಿಯಿಂದ ಮಾಡಿದ ರಟ್ಟು. ಅದರಲ್ಲಿ ಲಿಗ್ನಿನ್ ಇಲ್ಲ, ಹಾಗಾಗಿ ಸುಡುವ ಭಯವೂ ಕಡಿಮೆ. ಬೆಲೆ ಜಾಸ್ತಿ. ಸಹಿ ಇರುವ ಪ್ರಿಂಟಿಗೆ ಆಮ್ಲರಹಿತ ರಟ್ಟು ಸಾಕು. ಅಂಗಡಿಯಲ್ಲಿ 'ಆಸಿಡ್ ಫ್ರೀ ಮೌಂಟ್ ಬೋರ್ಡ್' ಅಂತಲೇ ಕೇಳಿ. ಇಲ್ಲ ಅಂದರೆ ಬೆಂಗಳೂರಿನ ಕಲಾ ಸಾಮಗ್ರಿ ಅಂಗಡಿಯಿಂದ ನೀವೇ ಹಾಳೆ ತಂದು ಕೊಡಬಹುದು. ನಾನು ಹಾಗೇ ಮಾಡಿದೆ. ಹಾರ್ಡ್‌ಬೋರ್ಡ್ ಬೇಡವೇ ಬೇಡ ಅಂತಿಲ್ಲ, ಗಟ್ಟಿತನಕ್ಕೆ ಅದೂ ಬೇಕು. ಆದರೆ ಅದು ಎಲ್ಲಕ್ಕಿಂತ ಹಿಂದೆ ಇರಲಿ. ಅದಕ್ಕೂ ಚಿತ್ರಕ್ಕೂ ನಡುವೆ ಒಂದು ಆಮ್ಲರಹಿತ ಹಾಳೆ ಇರಲೇಬೇಕು.

ಚಿತ್ರವನ್ನು ಆ ರಟ್ಟಿಗೆ ಹಿಡಿಸುವುದು ಹೇಗೆ ಅನ್ನುವುದು ಎಲ್ಲಕ್ಕಿಂತ ಸೂಕ್ಷ್ಮದ ಕೆಲಸ. ಸೆಲ್ಲೋ ಟೇಪ್ ಬೇಡ, ಫೆವಿಕಾಲ್ ಬೇಡ, ಎರಡೂ ಕಡೆ ಅಂಟುವ ಟೇಪ್ ಅಂತೂ ಬೇಡವೇ ಬೇಡ. ನೇತುಹಾಕಬೇಕು. ಬೆರಳುದ್ದದ ಎರಡು ತೆಳು ಕಾಗದದ ಪಟ್ಟಿ ತೆಗೆದುಕೊಳ್ಳುತ್ತಾರೆ. ಜಪಾನಿನ ಕೊಜೊ ಕಾಗದವಾದರೆ ಒಳ್ಳೆಯದು, ತೆಳುವಾಗಿದ್ದರೂ ನಾರು ಗಟ್ಟಿ. ಪಟ್ಟಿಯ ಅರ್ಧ ಚಿತ್ರದ ಮೇಲಂಚಿನ ಹಿಂಭಾಗಕ್ಕೆ ಅಂಟುತ್ತದೆ, ಇನ್ನರ್ಧ ಮೇಲಕ್ಕೆ ಎದ್ದು ರಟ್ಟಿಗೆ. ಆ ಎದ್ದ ಭಾಗದ ಮೇಲೆ ಅಡ್ಡಕ್ಕೆ ಇನ್ನೊಂದು ಪಟ್ಟಿ. ಹಗ್ಗದ ಮೇಲೆ ಎರಡು ಕ್ಲಿಪ್ಪು ಹಾಕಿ ಸೀರೆ ಒಣಹಾಕಿದ ಹಾಗೆ ಚಿತ್ರ ಮೇಲಿನಿಂದ ನೇತಾಡುತ್ತದೆ. ಕೆಳಗೂ ಪಕ್ಕಕ್ಕೂ ಅದು ಪೂರ್ತಿ ಸ್ವತಂತ್ರ. ಮಳೆಗಾಲದಲ್ಲಿ ಹಿಗ್ಗಿದರೂ ಅಲೆ ಏಳುವುದಿಲ್ಲ.

ಅಂಟು ಗೋಧಿ ಪಿಷ್ಟದ್ದು. ನೀರು ಸೋಕಿಸಿದರೆ ಬಿಡುತ್ತದೆ, ನಾಳೆ ಬೇಕಾದರೆ ಚಿತ್ರವನ್ನು ಗಾಯವಿಲ್ಲದೆ ಬಿಡಿಸಬಹುದು. ಸಿನಿಮಾ ಪೋಸ್ಟರ್ ಅಂಟಿಸುವ ಮೈದಾ ಅಂಟಿನ ತಮ್ಮ ಅಂತ ಇಟ್ಟುಕೊಳ್ಳಿ. ಹುಳ ಬರದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತ ಹಾಕುವ ರೂಢಿ ಇದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ತಂದದ್ದು ಮನೆಯಲ್ಲೇ ಇದೆಯಲ್ಲ ಅಂತ ಅದನ್ನು ಇಲ್ಲಿ ಬೆರೆಸಲು ಹೋಗಬೇಡಿ. ಕಾಗದಕ್ಕೆ ತಾಮ್ರದ ಉಪ್ಪು ಒಳ್ಳೆಯದಲ್ಲ. ಅಂಟು ಕಾಳಿನಷ್ಟು ಸಾಕು.

ಎರಡನೇ ಸಲದ ಅಳತೆ

ಎರಡನೇ ಸಲ ನಾನು ಅಳತೆ ಟೇಪು ಹಿಡಿದೇ ಅಂಗಡಿಗೆ ಹೋದೆ. ಬೇರೆ ಅಂಗಡಿ. ಲೆಕ್ಕವನ್ನು ಪೂರ್ತಿ ಹೇಳುತ್ತೇನೆ, ನಿಮ್ಮ ಚಿತ್ರಕ್ಕೂ ಹೀಗೇ ಹಾಕಿಕೊಳ್ಳಬಹುದು.

ಕಾಗದ 11 ಇಂಚು ಅಗಲ, 15 ಇಂಚು ಎತ್ತರ ಇದ್ದದ್ದು. 22×30 ಇಂಚಿನ ದೊಡ್ಡ ಹಾಳೆಯ ಕಾಲು ಭಾಗ ಅದು. ಕತ್ತರಿ ತಿಂದ ಮೇಲೆ ಹದಿನಾಲ್ಕೂವರೆ ಉಳಿದಿತ್ತು. ಅಚ್ಚಾದ ಚಿತ್ರ 8×11. ಮೌಂಟಿನ ಕಿಟಕಿ ಚಿತ್ರಕ್ಕೆ ಒತ್ತಿಕೊಂಡು ಬರುವ ಹಾಗೆ ಕತ್ತರಿಸಿದರೆ ಸಹಿಯೂ ಸಂಖ್ಯೆಯೂ ಮುಚ್ಚಿಹೋಗುತ್ತವೆ. ಹಾಗಾಗಿ ಪಕ್ಕಕ್ಕೂ ಮೇಲಕ್ಕೂ ಅರ್ಧರ್ಧ ಇಂಚು, ಕೆಳಗೆ ಒಂದು ಇಂಚು ಬಿಟ್ಟೆ. ಕಿಟಕಿ 9×12.5 ಆಯಿತು. ಎಚಿಂಗ್ ಆದರಂತೂ ತಗಡು ಒತ್ತಿದ ಗುರುತು ಚಿತ್ರದ ಸುತ್ತ ತಗ್ಗಾಗಿ ಕಾಣುತ್ತದೆ. ಅದನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಕಾಗದದ ಅಂಚು ಕೈಯಲ್ಲಿ ಹರಿದಂತೆ ತರಿತರಿಯಾಗಿದ್ದು ಚೆಂದ ಕಂಡರೆ, ಇಡೀ ಹಾಳೆ ರಟ್ಟಿನ ಮೇಲೆ ತೇಲುವಂತೆ ಕೂರಿಸುವ ಕ್ರಮವೂ ಇದೆ. ಆಗ ಗಾಜು ತಾಗದಿರಲು ಕಟ್ಟಿನ ಒಳಗೆ ಸಣ್ಣ ಪಟ್ಟಿ ಕೊಡಬೇಕು. ನನ್ನ ಹಾಳೆಗೆ ಕತ್ತರಿ ಬಿದ್ದಿತ್ತಲ್ಲ, ಅದನ್ನು ತೋರಿಸುವ ಆಸೆ ಇರಲಿಲ್ಲ. ಕಿಟಕಿಯೇ ಸರಿ ಅನಿಸಿತು.

ಕಿಟಕಿಯ ಸುತ್ತ ರಟ್ಟು ಎರಡೂವರೆ ಇಂಚು, ಕೆಳಗೆ ಮಾತ್ರ ಮೂರು. ಕೆಳಗೆ ಯಾಕೆ ಜಾಸ್ತಿ? ನಾಲ್ಕೂ ಕಡೆ ಸಮ ಇಟ್ಟರೆ ಚಿತ್ರ ಕೆಳಗೆ ಜಾರಿದಂತೆ ಕಣ್ಣಿಗೆ ಅನಿಸುತ್ತದೆ. ಅರ್ಧ ಇಂಚು ಎತ್ತಿ ಕೂರಿಸಿದರೆ ಸರಿಹೋಗುತ್ತದೆ. ಒಟ್ಟು ಹೊರ ಅಳತೆ 14×18. ಕಟ್ಟಿಗೆ ಮುಕ್ಕಾಲು ಇಂಚಿನ ಪಟ್ಟಿ. ಅಂಗಡಿಯವರು ಪಟ್ಟಿಗೆ ರನ್ನಿಂಗ್ ಅಡಿ ಲೆಕ್ಕದಲ್ಲಿ ಹಣ ಹಿಡಿಯುತ್ತಾರೆ. ಸುತ್ತಳತೆ 64 ಇಂಚು. ಅದರ ಜೊತೆಗೆ ಪಟ್ಟಿಯ ಅಗಲದ ಎಂಟು ಪಾಲು ಸೇರಿಸಬೇಕು, ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸುವಾಗ ಅಷ್ಟು ಬೇಕಾಗುತ್ತದೆ. ಇಲ್ಲಿ ಅದು 6 ಇಂಚು. ಒಟ್ಟು 70 ಇಂಚು, ಅಂದರೆ ಆರು ಅಡಿಗೆ ಎರಡು ಇಂಚು ಕಡಿಮೆ. ಮೊದಲಿನ ಎರಡೂವರೆ ಇಂಚಿನ ಪಟ್ಟಿಯಾಗಿದ್ದರೆ ಇದೇ ಚಿತ್ರಕ್ಕೆ 84 ಇಂಚು ಬೇಕಿತ್ತು. ಅಗಲದ ಪಟ್ಟಿಗೆ ದರವೂ ಜಾಸ್ತಿ, ಉದ್ದವೂ ಜಾಸ್ತಿ. ಉಳಿದ ಹಣ ಮೌಂಟಿಗೆ ಹೋಯಿತು.

ರೆಡಿಮೇಡ್ ಫ್ರೇಮ್ ತರುವವರಿಗೆ ಒಂದು ಎಚ್ಚರಿಕೆ. ಎ4 ಹಾಳೆ 210×297 ಮಿ.ಮೀ. 8×12 ಫ್ರೇಮಿನ ಅಗಲ 203 ಮಿ.ಮೀ. ಅಷ್ಟೆ. ಏಳು ಮಿ.ಮೀ. ಹೊರಗೆ ಉಳಿಯುತ್ತದೆ. ಕತ್ತರಿಗೆ ಕೈ ಹೋಗುವುದು ಇಲ್ಲೇ. ಎ4 ಪ್ರಿಂಟಿಗೆ 12×16ರಂಥ ದೊಡ್ಡ ಫ್ರೇಮ್ ತಂದು ಒಳಗೆ ಮೌಂಟ್ ಕತ್ತರಿಸಿ ಹಾಕಿಸುವುದೇ ಸುಲಭ. ನೋಡಲೂ ಚೆನ್ನ.

ಗಾಜು, ಬೆಳಕು

ಗಾಜಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಣ್ಣ ಚಿತ್ರಕ್ಕೆ 2 ಮಿ.ಮೀ. ಮಾಮೂಲಿ ಗಾಜು ಸಾಕು. ನನ್ನದಕ್ಕೆ ಗಾಜಿನ ತೂಕವೇ ಸುಮಾರು 800 ಗ್ರಾಂ. 24×36 ಇಂಚಿನ ಚಿತ್ರಕ್ಕೆ 3 ಮಿ.ಮೀ. ಗಾಜು ಹಾಕಿದರೆ ನಾಲ್ಕು ಕಿಲೋ ದಾಟುತ್ತದೆ. ಅಷ್ಟು ದೊಡ್ಡದಕ್ಕೆ ಅಕ್ರಿಲಿಕ್ ಒಳ್ಳೆಯದು, ತೂಕ ಅರ್ಧಕ್ಕಿಂತ ಕಡಿಮೆ, ಒಡೆಯುವುದಿಲ್ಲ. ಆದರೆ ಗೀರು ಬೇಗ ಬೀಳುತ್ತದೆ. ಧೂಳು ಎಳೆದುಕೊಳ್ಳುತ್ತದೆ, ಇದ್ದಿಲಿನ ಚಿತ್ರವಾದರೆ ಪುಡಿಯನ್ನೂ ಎಳೆದುಕೊಂಡುಬಿಡುತ್ತದೆ. ಹೊಳಪು ಬಾರದ ತರಿ ಗಾಜನ್ನು ಅಂಗಡಿಯವರು ಹೊಗಳುತ್ತಾರೆ. ಮೌಂಟ್ ಇದ್ದಾಗ ಗಾಜು ಚಿತ್ರದಿಂದ ದೂರ ನಿಲ್ಲುತ್ತದೆ, ಆಗ ಆ ಗಾಜಿನಲ್ಲಿ ಚಿತ್ರ ಮಸುಕು ಮಸುಕಾಗಿ ಕಾಣುತ್ತದೆ. ಮಂಜು ನೋಡಬೇಕಾದರೆ ಚಾರ್ಮಾಡಿಗೆ ಹೋಗಬಹುದು. ಚಿತ್ರದಲ್ಲಿ ಯಾಕೆ?

ಕ್ಯಾನ್ವಾಸ್ ಮೇಲಿನ ಪ್ರಿಂಟಿಗೆ ಗಾಜೇ ಬೇಡ.

ಬಣ್ಣ ಮಾಸುವುದು ಬೆಳಕಿಗೆ. ಮಾಮೂಲಿ ಗಾಜು ನೇರಳಾತೀತ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಅದನ್ನು ತಡೆಯುವ ಬೇರೆ ಗಾಜು ಸಿಗುತ್ತದೆ, ದುಬಾರಿ. ಅದಿದ್ದರೂ ಕಣ್ಣಿಗೆ ಕಾಣುವ ಬೆಳಕು ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಕಾಗದದ ಚಿತ್ರಗಳಿಗೆ ಮ್ಯೂಸಿಯಂಗಳಲ್ಲಿ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಇಡುತ್ತಾರೆ. ನೆತ್ತಿಯ ಮೇಲಿನ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಇರುತ್ತದೆ. ಬಿಸಿಲು ನೇರ ಬೀಳುವ ಗೋಡೆಗೆ ಚಿತ್ರ ಹಾಕದಿದ್ದರೆ ದುಬಾರಿ ಗಾಜಿನ ಅರ್ಧ ಕೆಲಸ ಪುಕ್ಕಟೆ ಆಯಿತು. ಇಂಕ್‌ಜೆಟ್ ಪ್ರಿಂಟ್ ಕೊಳ್ಳುವಾಗ ಪಿಗ್ಮೆಂಟ್ ಶಾಯಿಯದಾ ಅಂತ ಕೇಳಿ. ಡೈ ಶಾಯಿ ಬೇಗ ಮಾಸುತ್ತದೆ.

ಮರವಾ, ಫೈಬರಾ?

ಈಗ ಕೊನೆಗೆ ಪಟ್ಟಿ. ಅಂಗಡಿಯಲ್ಲಿ ಫೈಬರ್ ಅನ್ನುವ ಪಟ್ಟಿ ಸಾಮಾನ್ಯವಾಗಿ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಮರದ ಮೇಲೆ ಮೋಹ ಇರುವವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ನನಗೂ ಹಾಗೇ ಇತ್ತು. ಆದರೆ ಮಲೆನಾಡಿನ ಮಳೆಗೆ ಅದು ಹಿಗ್ಗುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ದೊಡ್ಡ ಚಿತ್ರಕ್ಕೆ ಮಾತ್ರ ಬೇಡ. ಭಾರಕ್ಕೆ ಬಾಗುತ್ತದೆ, ಸ್ಕ್ರೂ ಗಟ್ಟಿ ಕಚ್ಚುವುದಿಲ್ಲ.

ಮರವೇ ಬೇಕು ಅಂದರೆ ಜಾತಿಗಿಂತ ಒಣಗಿದೆಯಾ ಅನ್ನುವುದು ಮುಖ್ಯ. ಕಾಫಿಯನ್ನು ತೇವ ಶೇಕಡಾ 10-11ಕ್ಕೆ ಇಳಿಯುವವರೆಗೆ ಕಣದಲ್ಲಿ ಒಣಗಿಸುತ್ತೇವಲ್ಲ, ಕಟ್ಟಿನ ಮರಕ್ಕೂ ಹೆಚ್ಚುಕಡಿಮೆ ಅದೇ ಲೆಕ್ಕ. ಹಸಿ ಮರದ ಕಟ್ಟನ್ನು ಮೂಲೆಯಲ್ಲೇ ಗುರುತಿಸಬಹುದು. ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಗಲಕ್ಕೆ ಕುಗ್ಗುವುದು ಜಾಸ್ತಿ. ಹಾಗಾಗಿ ಬೇಸಿಗೆಯಲ್ಲಿ ಒಣಗಿದಾಗ 45 ಡಿಗ್ರಿಯ ಕೂಡು ಒಳಬದಿಯಿಂದ ಬಾಯಿ ಬಿಡುತ್ತದೆ. ಮಳೆಗಾಲದಲ್ಲಿ ಹಿಗ್ಗಿದಾಗ ಹೊರಬದಿಯಿಂದ. ಹಳೆ ಮನೆ ಕೆಡವಿದಾಗ ಸಿಕ್ಕ ತೇಗದ ಪಕಾಶಿ, ಹಲಸಿನ ಕಿಟಕಿ ದಾರಂದ ಇದ್ದರೆ ಸೌದೆ ಮಾಡಬೇಡಿ. ಹತ್ತಾರು ವರ್ಷ ಮನೆಯೊಳಗೇ ಒಣಗಿದ ಮರ ಅದು. ನನ್ನ ಎರಡನೇ ಕಟ್ಟು ಅಂಥದೇ ತೇಗದ ತುಂಡಿನದು. ಆಲ್ದೂರಿನ ಬಡಗಿಯವರು ಪಟ್ಟಿ ಕೊರೆದು ಕೊಟ್ಟರು.

ಬಣ್ಣ ಹೇಗಿರಬೇಕು? ಪರದೆಗೂ ಸೋಫಾಗೂ ಹೊಂದಿಸಲು ಹೋಗಬೇಡಿ, ಅವು ಐದು ವರ್ಷಕ್ಕೆ ಬದಲಾಗುತ್ತವೆ. ಚಿತ್ರದಿಂದಲೇ ಬಣ್ಣ ತೆಗೆದುಕೊಳ್ಳಿ. ಮೌಂಟಿನ ಬಿಳಿ ಮಾತ್ರ ಚಿತ್ರದ ಕಾಗದಕ್ಕಿಂತ ಬೆಳ್ಳಗಿರಬಾರದು. ಹಾಲುಬಿಳಿ ರಟ್ಟಿನ ಪಕ್ಕ ಕೆನೆಬಣ್ಣದ ಕಾಗದ ಮಾಸಿದ ಪಂಚೆಯಂತೆ ಕಾಣುತ್ತದೆ. ಇನ್ನು, ಮೌಂಟೂ ಕಟ್ಟೂ ಒಂದೇ ಅಗಲ ಬೇಡ. ಎರಡೂ ಸಮ ಇದ್ದರೆ ಕಣ್ಣಿಗೆ ಪಟ್ಟೆ ಪಟ್ಟೆ ಅನಿಸುತ್ತದೆ.

ಬೇಲೂರಿನಲ್ಲಿ ಮದನಿಕೆಯರ ತಲೆಯ ಮೇಲೆ ಬಳ್ಳಿ ಚಪ್ಪರ ಇರುತ್ತದೆ. 1117ರ ಆ ದೇವಾಲಯದಲ್ಲಿ ಶಿಲ್ಪಿಗಳು ವಿಗ್ರಹದ ಜೊತೆಗೇ ಅದರ ಚೌಕಟ್ಟನ್ನೂ ಒಂದೇ ಕಲ್ಲಿನಲ್ಲಿ ಕಡೆದಿದ್ದಾರೆ. ನನ್ನ ಲಿನೋಕಟ್‌ನಲ್ಲೂ ಆ ಬಳ್ಳಿಗಳೆಲ್ಲ ಇದ್ದವು. ಅದರ ಸುತ್ತ ನಾನು ಇನ್ನೊಂದು ಚಿನ್ನದ ಬಳ್ಳಿ ಕಟ್ಟಿದ್ದೆ! ಚಿತ್ರದೊಳಗೆ ಕುಸುರಿ ತುಂಬಿದ್ದರೆ ಕಟ್ಟು ಸಪ್ಪೆ ಇರಬೇಕು ಅನ್ನುವುದು ಆಮೇಲೆ ಅರ್ಥವಾಯಿತು.

ಕಟ್ಟಿಸುವ ಕಾಲವೂ ಮುಖ್ಯ. ಮಳೆಗಾಲದಲ್ಲಿ ಕಟ್ಟಿಸಿದರೆ ರಟ್ಟು, ಕಾಗದ ಎಲ್ಲದರ ತೇವವನ್ನೂ ಒಳಗೇ ಹಾಕಿ ಮುಚ್ಚಿದಂತೆ. ಕಾಫಿ ಕಣದಲ್ಲಿ ಒಣಗುವ ಜನವರಿ, ಫೆಬ್ರವರಿಯೇ ಇದಕ್ಕೂ ಸರಿ. ಬೆನ್ನಿನ ಸಂದುಗಳಿಗೆ ಕಾಗದದ ಟೇಪ್ ಹಾಕಿ ಮುಚ್ಚಿಸಿ, ಧೂಳೂ ಬೆಳ್ಳಿ ಹುಳವೂ ಒಳಗೆ ಹೋಗದಿರಲಿ.

ಗೋಡೆಗೆ ಹಾಕುವಾಗ ಅಜ್ಜನ ಕಾಲದವರನ್ನು ನೆನೆಸಿಕೊಳ್ಳಿ. ಹಳೆ ಮನೆಗಳಲ್ಲಿ ಫೋಟೋಗಳು ಬಾಗಿಲ ಮೇಲೆ ಮುಂದಕ್ಕೆ ಬಾಗಿಕೊಂಡು ಇರುತ್ತಿದ್ದವು. ಕೆಳಗಿನಿಂದ ನೋಡುವವರಿಗೆ ಕಾಣಲಿ ಅನ್ನುವುದು ಒಂದು ಕಾರಣ. ಹಿಂದೆ ಗಾಳಿ ಆಡುತ್ತಿತ್ತು ಅನ್ನುವುದು ಇನ್ನೊಂದು ಲಾಭ. ಈಗ ಕಟ್ಟಿನ ಕೆಳ ಮೂಲೆಗಳ ಹಿಂದೆ ಬಾಟಲಿ ಬಿರಡೆಯ ಎರಡು ಬಿಲ್ಲೆ ಅಂಟಿಸಿದರೆ ಅದೇ ಕೆಲಸವಾಗುತ್ತದೆ. ಮಳೆ ಹೊಡೆಯುವ ಹೊರಗೋಡೆ ಬೇಡ, ಒಳಗೋಡೆಯೇ ಆಗಲಿ. ಎತ್ತರ, ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಅನ್ನುವುದು ರೂಢಿ. ನಿಂತು ನೋಡುವವರ ಲೆಕ್ಕ ಅದು. ನಮ್ಮ ನಡುಮನೆಯಲ್ಲಿ ಎಲ್ಲರೂ ಕೂರುವುದು ತಗ್ಗಿನ ಮಂಚದ ಮೇಲೆ, ಹಾಗಾಗಿ ನಾಲ್ಕು ಇಂಚು ಇಳಿಸಿದ್ದೇವೆ.

ಸುಂದರಿ ಈಗ ಅಲ್ಲಿದ್ದಾಳೆ. ಎರಡು ಮಳೆಗಾಲ ಕಳೆಯಿತು, ಅಲೆ ಎದ್ದಿಲ್ಲ. ಬೂಷ್ಟಿನ ಹಳೆಯ ಕಲೆ ಪೂರ್ತಿ ಹೋಗಲಿಲ್ಲ, ಅಂಚಿನಲ್ಲಿ ಮಸುಕಾಗಿ ಇದೆ, ಮೌಂಟ್ ಅದನ್ನು ಮುಚ್ಚಿಕೊಂಡಿದೆ. ಆ ಚಿನ್ನದ ಬಣ್ಣದ ಫೈಬರ್ ಕಟ್ಟನ್ನು ಬಿಸಾಡಲಿಲ್ಲ. ಕನ್ನಡಿ ಕೂರಿಸಿ ಬಚ್ಚಲುಮನೆಯ ಹೊರಗೆ ಹಾಕಿದ್ದೇವೆ. ಹಂಡೆಯ ಹಬೆಗೆ ಅದಕ್ಕೇನೂ ಆಗಿಲ್ಲ. ಅತ್ತೆ ಬೆಳಗ್ಗೆ ಅದರ ಮುಂದೆ ನಿಂತು ಬೈತಲೆ ತೆಗೆಯುತ್ತಾರೆ.